ಗಾಜು ತೆಗೆಯುವ ಕಾಲ

ಸೆಪ್ಟೆಂಬರ್ 4

ಹಲ್ಲಿನ ಡಾಕ್ಟರಮ್ಮನಿಗೆ ಬೆಟ್ಟದ ಮೇಲಿನ ಅತ್ತೆಯಿಂದ ಆಶೀರ್ವಾದ, ಜೊತೆಗೊಂದು ದೂರು.

ದೂರು ಮೊದಲು. ನೀನು ಕಟ್ಟಿಕೊಟ್ಟ ಹಲ್ಲಿನ ಸೆಟ್ಟು ಬಾಯಲ್ಲಿ ಕುಣೀತಿದೆ. ಕಳೆದ ವರ್ಷ ನಿಮ್ಮ ಮನೆಗೆ ಬಂದಿದ್ದಾಗ ಬಾಯಿ ತುಂಬ ಅದೇನೋ ಹಿಟ್ಟು ತುರುಕಿ, ಮಾತಾಡಬೇಡಿ, ಮಾತಾಡಬೇಡಿ ಅಂತ ಗದರಿಸಿ ಅಳತೆ ತಗೊಂಡೆಯಲ್ಲ, ಆಗ ನಿನ್ನ ಗಮನ ಎಲ್ಲಿತ್ತೋ. ನಿನ್ನೆ ಪಕ್ಕದ ಮನೆಯವಳ ಹತ್ತಿರ ಜೋರಾಗಿ ಜಗಳ ಆಡ್ತಿದ್ದಾಗ ಮೇಲಿನ ಸಾಲು ಕಳಚಿ ಮಡಿಲಿಗೆ ಬಿತ್ತು. ಅವಳು ಬಿದ್ದು ಬಿದ್ದು ನಕ್ಕಳು. ನ್ಯಾಯ ನನ್ನ ಕಡೆ ಇದ್ದರೂ ಜಗಳ ಸೋತೆ.

ಈಗ ಮಗನ ವಿಷಯ. ಏಪ್ರಿಲ್‌ನಲ್ಲಿ ಅವನು ಲಿಫ್ಟ್ ರಿಪೇರಿ ಮಾಡ್ತಾ ಅದರ ಗುಂಡಿಗೆ ಬಿದ್ದ ಮೇಲೆ ನೀನು ಬರೆಯೋ ಪತ್ರ ಎಲ್ಲ ಒಂದೇ ಥರ ಇವೆ. ‘ಹಾಗೇ ಇದ್ದಾರೆ, ಮಲಗಿದ್ದಾರೆ.’ ಹಾಗೇ ಅಂದರೆ ಹೇಗೆ? ಕಣ್ಣು ಬಿಡ್ತಾನಾ? ನನ್ನ ಹೆಸರು ಹೇಳಿದರೆ ತಿರುಗ್ತಾನಾ? ಫೋನು ಮಾಡ್ತೀನಿ ಅಂತ ಮಾತ್ರ ಹೇಳಬೇಡ. ಈ ಕಿವಿಗೆ ಫೋನಿನಲ್ಲಿ ಗುಂಯ್ ಅನ್ನೋದು ಬಿಟ್ಟು ಬೇರೇನೂ ಕೇಳಿಸಲ್ಲ. ಬರೆಯೋದೇ ಒಳ್ಳೇದು, ಬೇಕಾದಾಗ ಮತ್ತೆ ತೆಗೆದು ಓದಬಹುದು. ನಾನೇ ಇಳಿದು ಬಂದುಬಿಡ್ತಿದ್ದೆ, ಆದರೆ ಮೇಕೆಗಳನ್ನ ಯಾರ ತಲೆಗೆ ಕಟ್ಟಲಿ?

ಅವನ ಹಿತ್ತಿಲ ಕಲ್ಲಿನ ಪಾತಿ ಹೇಗಿದೆ? ಇಲ್ಲಿಗೆ ಬಂದಾಗಲೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಒದ್ದೆ ಕಾಗದ ಸುತ್ತಿ ಒಂದೊಂದು ಬೆಟ್ಟದ ಗಿಡ ಕದ್ದುಕೊಂಡು ಹೋಗ್ತಿದ್ದ. ಆ ಮಳೆಯ ಊರಲ್ಲಿ ಇವು ಬದುಕಲ್ಲ ಕಣೋ ಅಂತ ಎಷ್ಟು ಬಡಕೊಂಡೆ. ಬದುಕಿಸಿ ತೋರಿಸಿದ, ಬಡ್ಡಿಮಗ. ನೀನು ಒಂದು ಕೆಲಸ ಮಾಡು. ಇಲ್ಲಿ ಚಳಿಗಾಲಕ್ಕೆ ಹಿಮವೇ ಅವಕ್ಕೆ ಹೊದಿಕೆ. ನಿಮ್ಮಲ್ಲಿ ಹಿಮ ಬೀಳಲ್ಲವಲ್ಲ, ಅದಕ್ಕೆ ಗೋಣಿ ಹೊದಿಸು, ದಪ್ಪಗೆ. ಹೊದಿಸಿದ ಮೇಲೆ ಪದೇ ಪದೇ ತೆಗೆದು ನೋಡಬೇಡ. ಮಲಗಿದ್ದನ್ನ ಎಬ್ಬಿಸಬಾರದು, ಕಾಲ ಬಂದಾಗ ತಾನಾಗಿ ಏಳುತ್ತೆ.

ಇವನೂ ಹಾಗೇ. ಹೊದಿಸಿ ಮಲಗಿಸಿದೀವಿ. ಏಳ್ತಾನೆ.

ನಿನ್ನ ಅತ್ತೆ

*

ಸೆಪ್ಟೆಂಬರ್ 19

ಅತ್ತೆಗೆ ನಮಸ್ಕಾರ.

ನನ್ನ ಅಳತೆ ತಪ್ಪಿಲ್ಲ. ವರ್ಕ್‌ಶಾಪಿಗೆ ಹೋಗಿ ನಿಮ್ಮ ಬಾಯಿಯ ಅಚ್ಚು ತೆಗೆದು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನಾನು ಕೆಲಸ ಮಾಡೋ ಆ ವರ್ಕ್‌ಶಾಪಿನ ಯಜಮಾನರಿಗೂ ತೋರಿಸಿದೆ. ‘ಇಷ್ಟು ಚೆನ್ನಾಗಿ ನೀನು ನನ್ನ ಅತ್ತೆಗೂ ಕಟ್ಟಿಕೊಟ್ಟಿಲ್ಲ’ ಅಂದರು. ನೀವು ಹಲ್ಲನ್ನ ನೀರಲ್ಲಿ ಇಡದೆ ಒಲೆಯ ಪಕ್ಕ ಇಟ್ಟಿರಬೇಕು, ಬಿಸಿಗೆ ಸೊಟ್ಟಗಾಗಿರುತ್ತೆ. ಅಥವಾ ಜಗಳದ ಬಿಸಿಗೆ.

ಇವರು ಚೆನ್ನಾಗಿದ್ದಾರೆ. ಕಣ್ಣು ಬಿಡ್ತಾರೆ. ಮೊನ್ನೆ ಮಗ್ಗುಲು ಬದಲಾಯಿಸುವಾಗ ನನ್ನ ಬೆರಳನ್ನ ಗಟ್ಟಿಯಾಗಿ ಹಿಡಕೊಂಡರು. ನರ್ಸಮ್ಮ ಬೆಳಿಗ್ಗೆ ಬಂದು ಮೂಗಿನ ನಳಿಗೆಯಲ್ಲಿ ಹಾಲು ಹಾಕಿ, ಬೆನ್ನು ಒರೆಸಿ ಹೋಗ್ತಾರೆ. ಮಧ್ಯಾಹ್ನ ನಾನು ಊಟದ ಬಿಡುವಿಗೆ ಓಡಿ ಬರ್ತೀನಿ. ಗಡ್ಡ ನಾನೇ ಮಾಡ್ತೀನಿ. ಹಲ್ಲಿನ ಮೇಣ ಕೆತ್ತಿ ಕೆತ್ತಿ ಕೈ ಹಗುರಾಗಿದೆ, ಒಂದು ಗೀರೂ ಆಗಿಲ್ಲ.

ಪಾತಿಯ ಬಗ್ಗೆ ಕೇಳಿದಿರಿ. ನಿಜ ಹೇಳಬೇಕಂದರೆ ಏಪ್ರಿಲ್ ಆದ ಮೇಲೆ ಆ ಕಡೆ ಹೋಗೇ ಇರಲಿಲ್ಲ. ನಿಮ್ಮ ಪತ್ರ ಓದಿ ಹೋದೆ. ಬಟ್ಟೆ ಒಣಹಾಕೋ ತಂತಿಯ ಕೆಳಗೆ, ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ಹಾಗೇ ಇದೆ. ಕೆಳಗೆ ಒಡೆದ ಇಟ್ಟಿಗೆ, ಅದರ ಮೇಲೆ ದಪ್ಪ ಮರಳು, ಮೇಲೆ ಜಲ್ಲಿ. ಗೊಬ್ಬರದ ವಾಸನೆಯೂ ಇಲ್ಲ. ಗೋರಿ ಕಟ್ಟಿದ ಹಾಗಿದೆ ಅಂತ ಪಕ್ಕದ ಮನೆಯ ಟೈಲರಣ್ಣ ಇವರನ್ನ ಚೇಷ್ಟೆ ಮಾಡ್ತಿದ್ದರು, ನೆನಪಿದೆಯಾ? ಮೂಲೆಯ ಬೂದಿ ಎಲೆ ಗಿಡ ಚೆನ್ನಾಗಿದೆ, ಮೊಲದ ಕಿವಿಯ ಹಾಗೆ ಮೆತ್ತಗಿದೆ. ನೀಲಿ ಗಂಟೆ ಹೂವಿನ ಗಿಡದಲ್ಲಿ ಈಗ ಎಲೆ ಮಾತ್ರ ಇದೆ. ಕಲ್ಲಿನ ಸಂದಿನ ಮೆತ್ತೆ ಗಿಡ ಮುಷ್ಟಿಗಿಂತ ದೊಡ್ಡದಾಗಿದೆ, ಹಸಿರು ದಿಂಬಿನ ಹಾಗೆ. ‘ಇದು ನನಗಿಂತ ದೊಡ್ಡದು, ನಮ್ಮಮ್ಮ ಮದುವೆಯಾಗಿ ಬಂದಾಗಲೇ ಬಾಗಿಲ ಹತ್ತಿರ ಇತ್ತಂತೆ, ಅದರ ಒಂದು ಚೂರು’ ಅಂತ ಇವರು ಹೇಳ್ತಿದ್ದರು.

ಇಲ್ಲಿ ಚಳಿ ಅನ್ನೋದೇ ಇಲ್ಲ, ಬರೀ ಜಿಟಿಜಿಟಿ. ಆದರೂ ನೀವು ಹೇಳಿದ್ದೀರಿ ಅಂತ ಗೋಣಿ ತಂದಿದ್ದೀನಿ. ಭಾನುವಾರ ಹೊದಿಸ್ತೀನಿ.

ನಿಮ್ಮ ಸೊಸೆ

*

ಅಕ್ಟೋಬರ್ 3

ಬೆರಳು ಹಿಡಕೊಂಡನಾ! ನನ್ನ ಬಂಗಾರ, ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ನಿನ್ನ ಪತ್ರ ಓದಿ ಮುದುಕಿ ಕುಣಿದುಬಿಟ್ಟೆ. ಇಡೀ ಇಳಿಜಾರಿಗೇ ಹೇಳಿಕೊಂಡು ಬಂದೆ. ಪಕ್ಕದ ಮನೆಯವಳಿಗೂ ಹೇಳಿದೆ, ಅವಳ ಜೊತೆ ಮಾತು ಬಿಟ್ಟಿದ್ದರೂ. ಅವಳು ಅತ್ತಳು. ಅವಳು ಅತ್ತಿದ್ದಕ್ಕೆ ನಾನೂ ಅತ್ತೆ. ಈಗ ಮತ್ತೆ ಮಾತು ಶುರುವಾಗಿದೆ, ಸಂಜೆ ಹೊತ್ತಿಗೆ ಮತ್ತೆ ಜಗಳವೂ ಆಯ್ತು.

ಯಾವ ಕೈ? ಬಲಗೈನಾ, ಎಡಗೈನಾ? ಎಷ್ಟು ಹೊತ್ತು ಹಿಡಿದಿದ್ದ? ನೀನು ಯಾವಾಗಲೂ ಜಿಪುಣಿ ಹಾಗೆ ಬರೀತೀಯ. ಹಲ್ಲಿನ ವಿಷಯಕ್ಕೆ ಅರ್ಧ ಪುಟ, ಗಂಡನ ವಿಷಯಕ್ಕೆ ನಾಲ್ಕು ಸಾಲು. ಎಲ್ಲ ಬಿಡಿಸಿ ಬರಿ. ನನಗೆ ಬೇರೆ ಏನಿದೆ ಇಲ್ಲಿ?

ಮೆತ್ತೆಯ ಬಗ್ಗೆ ಅವನು ಹೇಳಿದ್ದು ಸರಿ. ನಾನು ಬಂದ ದಿನ ಅದರ ಮೇಲೇ ಕಾಲಿಟ್ಟೆ. ನಮ್ಮತ್ತೆ, ‘ತುಳಿ, ತುಳಿ, ನಿನ್ನಂಥ ಎಷ್ಟೋ ಜನರನ್ನ ನೋಡಿದೆ ಅದು’ ಅಂದರು. ಅಷ್ಟು ಗಟ್ಟಿ ಜೀವ. ಮೇಲೆ ಎಷ್ಟು ಕಾಣುತ್ತೋ ಅದರ ಎಷ್ಟೋ ಪಾಲು ಬೇರು ಕಲ್ಲಿನೊಳಗೆ ಇಳಿದಿರುತ್ತೆ. ಹೊದಿಸಿ ಬಿಡು, ಚಿಂತೆ ಮಾಡಬೇಡ.

ನಾನು ಚೆನ್ನಾಗಿದೀನಿ. ಹಲ್ಲು ನೀರಲ್ಲೇ ಇಡ್ತೀನಿ, ನಿನ್ನ ಕಟ್ಟಪ್ಪಣೆ ಮೀರಿಲ್ಲ. ಆದರೂ ಕೆಳಗಿನ ಸಾಲು ಈಗ ಬಾಯಲ್ಲಿ ನಿಲ್ಲೋದೇ ಇಲ್ಲ. ಬ್ರೆಡ್ಡನ್ನ ಹಾಲಲ್ಲಿ ನೆನೆಸಿ ನುಂಗ್ತೀನಿ. ಹೆಂಗೂ ಊಟ ಅಷ್ಟಕ್ಕಷ್ಟೇ. ಮೇಕೆಗಳು ಪಕ್ಕದ ಮನೆಯವಳ ಕೊಟ್ಟಿಗೆಯಲ್ಲಿ ಸುಖವಾಗಿವೆ.

ನವೆಂಬರ್ ನಡುವಿಗೆ ರಸ್ತೆ ಮುಚ್ಚುತ್ತೆ. ಆಮೇಲೆ ಏಪ್ರಿಲ್ ತನಕ ಟಪಾಲು ಇಲ್ಲ. ಅಷ್ಟರಲ್ಲಿ ಅವನು ಎದ್ದು ಕೂತ ಅಂತ ಒಂದು ಪತ್ರ ಬರಲಿ. ಅದೊಂದಿದ್ದರೆ ಈ ಚಳಿಗಾಲ ದಾಟಿಬಿಡ್ತೀನಿ.

ನಿನ್ನ ಅತ್ತೆ

*

ಅಕ್ಟೋಬರ್ 20

ಅತ್ತೆಗೆ,

ಬೂದಿ ಎಲೆ ಸತ್ತುಹೋಯ್ತು. ಗೋಣಿಯಡಿಯಲ್ಲಿ ಏನೋ ವಾಸನೆ ಬರ್ತಿತ್ತು, ನಿಮ್ಮ ಮಾತು ಮೀರಿ ತೆಗೆದು ನೋಡಿದೆ. ಎಲೆಯ ಮೇಲೆಲ್ಲ ಬೂಷ್ಟು, ಕೈ ಹಾಕಿದರೆ ಲೋಳೆ. ನೀಲಿ ಗಂಟೆಯ ಅರ್ಧ ಕಪ್ಪಾಗಿದೆ. ಗೋಣಿಯೊಳಗೆ ಸಿಂಬಳದ ಹುಳುಗಳು ಸಂಸಾರ ಹೂಡಿವೆ. ಹಿಂಡಿದರೆ ಬಕೆಟ್ ತುಂಬ ನೀರು ಬಂತು.

ನಿಮ್ಮ ಮೇಲೆ ಸಿಟ್ಟು ಬಂತು, ಮುಚ್ಚಿಡಲ್ಲ. ಹೊದಿಸು, ದಪ್ಪಗೆ ಹೊದಿಸು, ತೆಗೆದು ನೋಡಬೇಡ ಅಂದಿರಿ. ನಾನು ತುಟಿಪಿಟಿಕ್ ಅನ್ನದೆ ಮಾಡಿದೆ. ಇಲ್ಲಿಯ ಮಳೆ ನೀವು ಕಂಡಿದ್ದೀರಿ. ಕಳೆದ ವರ್ಷ ಬಂದಾಗ ನಿಮ್ಮ ಸೀರೆ ಒಣಗೋಕೆ ಮೂರು ದಿನ ಬೇಕಾಯ್ತು. ಆಗಲೂ ಬೈದುಕೊಂಡೇ ಉಟ್ಟಿರಿ.

ಆದರೆ ನನ್ನ ತಪ್ಪು ನಿಮ್ಮದಕ್ಕಿಂತ ದೊಡ್ಡದು. ಗೋಣಿ ತೆಗೆದ ಮೇಲೆ ಪಾತಿಯ ನಾಲ್ಕು ಮೂಲೆಯಲ್ಲೂ ಒಂದೊಂದು ಚಪ್ಪಟೆ ಕಲ್ಲು ನಿಲ್ಲಿಸಿರೋದು ಕಾಣಿಸಿತು. ಎಲ್ಲ ಒಂದೇ ಎತ್ತರ. ಒಂದೊಂದರ ತಲೆಯ ಮೇಲೂ ರಬ್ಬರಿನ ತುಂಡು ಅಂಟಿಸಿದೆ. ಲಿಫ್ಟಿನ ಬಾಗಿಲಿಗೆ ಹಾಕೋ ರಬ್ಬರು, ಇವರ ಜೇಬಿನಲ್ಲಿ ಯಾವಾಗಲೂ ಇರ್ತಿತ್ತು. ಅದನ್ನ ನೋಡ್ತಾ ನಿಂತಿದ್ದ ಹಾಗೇ ನೆನಪಾಯ್ತು. ಪ್ರತಿ ವರ್ಷ ಮಳೆ ಶುರುವಾದಾಗ ಇವರು ಒಂದು ದೊಡ್ಡ ಗಾಜು ಎತ್ತಿಕೊಂಡು ಹಿತ್ತಿಲಿಗೆ ಹೋಗ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ‘ನಿನ್ನ ಸವತಿಗೆ ಕೊಡೆ’ ಅಂದಿದ್ದರು. ನಾನು ನಕ್ಕು ಒಳಗೆ ಹೋದೆ.

ಗೊತ್ತಾಯ್ತಲ್ಲ? ಮೇಲಿನಿಂದ ನೀರು ಬೀಳಬಾರದು, ಸುತ್ತಲಿಂದ ಗಾಳಿ ಆಡಬೇಕು. ಚಳಿಗಲ್ಲ, ಅವು ಸಾಯೋದು ಒದ್ದೆಗೆ. ನಿಮ್ಮಲ್ಲಿ ಹಿಮದಡಿ ಒಣಗಿಕೊಂಡು ಮಲಗ್ತವೆ. ಇಲ್ಲಿ ಬೆಚ್ಚಗಿರೋದರಿಂದ ನಿದ್ದೆಯೂ ಇಲ್ಲ, ಒಣಗೋದೂ ಇಲ್ಲ.

ಆ ಗಾಜು ಎಲ್ಲಿದೆ ಗೊತ್ತಾ? ಇವರ ಕೋಣೆಯ ಕಿಟಕಿಯಲ್ಲಿ. ಮೇ ತಿಂಗಳಲ್ಲಿ ಆಸ್ಪತ್ರೆ ಮಂಚ ಒಳಗೆ ತರುವಾಗ ಅದರ ಕಾಲು ತಗುಲಿ ಕಿಟಕಿ ಒಡೀತು. ಇವರ ತಲೆಯ ಮೇಲೇ ಎರಚಲು ಹೊಡೀತಿತ್ತು. ಗೋಡೆಗೆ ಒರಗಿಸಿದ್ದ ಈ ಗಾಜು ಕಣ್ಣಿಗೆ ಬಿತ್ತು. ಒಂದು ಅಂಚು ಕೊಯ್ಯಿಸಿ ಕೂರಿಸಿಬಿಟ್ಟೆ. ಎಷ್ಟು ಸರಿಯಾಗಿ ಕೂತಿತು ಅಂತ ಹೆಮ್ಮೆ ಬೇರೆ ಪಟ್ಟೆ.

ಮೆತ್ತೆ ಇನ್ನೂ ಹಸಿರಾಗಿದೆ. ಅದೊಂದಕ್ಕೆ ಏನೂ ಆಗಿಲ್ಲ.

ನಿಮ್ಮ ಸೊಸೆ

*

ಅಕ್ಟೋಬರ್ 29

ಸಿಟ್ಟು ಮಾಡಿಕೊಂಡಿದ್ದು ಸರಿಯಾಯ್ತು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಇಲ್ಲಿ ಪಕ್ಕದ ಮನೆಯವಳು ಬಿಟ್ಟರೆ ಯಾರೂ ಇಲ್ಲ, ಅವಳೂ ಈಚೆಗೆ ಮೆತ್ತಗಾಗಿದ್ದಾಳೆ.

ನಿನ್ನ ಪತ್ರ ಓದಿ ಬಾಗಿಲಲ್ಲಿ ಕೂತೆ. ಈ ಗಿಡಗಳ ನಡುವೆ ಹುಟ್ಟಿ, ಈ ಗಿಡಗಳ ನಡುವೆ ಮುದುಕಿಯಾದೆ. ನನಗೆ ಗೊತ್ತಿರೋದೆಲ್ಲ ಈ ಇಳಿಜಾರಿಗೆ ಮಾತ್ರ ಸರಿ, ನಾಲ್ಕು ತಿರುವು ಕೆಳಗಿಳಿದರೆ ಸುಳ್ಳು. ನನ್ನ ಮಾತು ಕೇಳಿ ಬೂದಿ ಎಲೆ ಸತ್ತಿತು. ಅವನು ಅಲ್ಲಿ ಎಷ್ಟು ಗಿಡ ಸಾಯಿಸಿ ಆ ಗಾಜಿನ ಉಪಾಯ ಕಂಡುಕೊಂಡನೋ, ನನಗೆ ಒಂದು ದಿನವೂ ಹೇಳಲಿಲ್ಲ. ಅಮ್ಮನಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಅಂತ ಹೇಳಿ ಯಾಕೆ ನೋಯಿಸಲಿ ಅಂದುಕೊಂಡಿರಬೇಕು. ಸಣ್ಣವನಿದ್ದಾಗಿಂದ ಹಾಗೇ ಅವನು.

ಕಿಟಕಿಯ ಗಾಜಿಗೆ ಕೈ ಹಚ್ಚಬೇಡ. ಹೇಳಿದೀನಿ ನೋಡು. ಗಿಡ ಹಾಳಾಗಿ ಹೋಗಲಿ. ಅವನ ತಲೆಯ ಮೇಲೆ ಮಳೆ ಬೀಳಬಾರದು. ಏಪ್ರಿಲ್‌ನಲ್ಲಿ ಎದ್ದಾಗ ನಮ್ಮಿಬ್ಬರನ್ನೂ ನಿಲ್ಲಿಸಿ ಬೈತಾನೆ, ಬೈಸಿಕೊಳ್ಳೋಣ.

ಬೆರಳಿನ ವಿಷಯ ಮತ್ತೆ ಬರೆಯಲೇ ಇಲ್ಲ ನೀನು.

ಹಲ್ಲಿಗೆ ಈಗ ಬಟ್ಟೆಯ ಚೂರು ಮಡಿಚಿ ಒಳಗೆ ಇಟ್ಟುಕೊಳ್ತೀನಿ. ಅವನು ಕೊಡಿಸಿದ ಸ್ವೆಟರಿನೊಳಗೆ ನನ್ನಂಥ ಇನ್ನೊಬ್ಬಳು ಹಿಡೀತಾಳೆ. ಪಕ್ಕದ ಮನೆಯವಳನ್ನ ನೀನೂ ಇದರೊಳಗೆ ಬಾ ಅಂತ ತಮಾಷೆಗೆ ಕರೆದೆ, ಅವಳು ನಗಲಿಲ್ಲ. ಮೇಲಿನ ಕಣಿವೆಯಲ್ಲಿ ಆಗಲೇ ಬೆಳ್ಳಗಾಗಿದೆ. ಬೇಗ ಬರಿ.

ನಿನ್ನ ಅತ್ತೆ

*

ನವೆಂಬರ್ 7

ಅತ್ತೆ,

ಈ ಪತ್ರ ರಸ್ತೆ ಮುಚ್ಚೋ ಮೊದಲು ನಿಮ್ಮ ಕೈ ಸೇರಲೇಬೇಕು. ಒಂದೊಂದಾಗಿ ಹೇಳ್ತೀನಿ, ಮಧ್ಯ ನಿಲ್ಲಿಸಿದರೆ ಮತ್ತೆ ಬರೆಯೋ ಧೈರ್ಯ ಬರಲ್ಲ.

ಮೊದಲು ನಿಮ್ಮ ವಿಷಯ. ಇವತ್ತು ಒಬ್ಬ ಅಜ್ಜನ ಬಾಯಿಯ ಅಚ್ಚು ಬಂತು. ಅವರದೇ ಹಳೇ ಅಚ್ಚಿನ ಪಕ್ಕದಲ್ಲಿಟ್ಟು ನೋಡಿದೆ. ವಸಡು ಅಷ್ಟು ಕರಗಿರೋದು ನೋಡಿ ಯಜಮಾನರು, ‘ಪಾಪ, ಒಳಗೇನೋ ದೊಡ್ಡ ಕಾಯಿಲೆ ತಿಂತಿದೆ’ ಅಂದರು. ಮೇಣ ಕೆತ್ತೋ ಚಾಕು ಕೆಳಗಿಟ್ಟು ನಿಮ್ಮ ಪತ್ರಗಳನ್ನ ನೆನೆಸಿಕೊಂಡೆ. ಮೊದಲು ಕುಣೀತು ಅಂದಿರಿ, ಆಮೇಲೆ ನಿಲ್ಲಲ್ಲ ಅಂದಿರಿ, ಈಗ ಬಟ್ಟೆ ಇಡ್ತೀರಂತೆ. ನನ್ನ ಅಳತೆ ಸರಿ ಅಂತ ನಿಮ್ಮ ಜೊತೆ ವಾದ ಮಾಡಿದೆನಲ್ಲ, ದಿನಾ ಬಾಯಿಗಳ ನಡುವೆ ಕೆಲಸ ಮಾಡೋ ಮೂರ್ಖಳು ನಾನು. ಮೇಕೆಗಳಿಂದಾಗಿ ಬರೋಕಾಗಲ್ಲ ಅಂದಿರಿ. ಆಮೇಲೆ ಮೇಕೆಗಳು ಪಕ್ಕದ ಮನೆಯಲ್ಲಿ ಸುಖವಾಗಿವೆ ಅಂದಿರಿ. ಮತ್ತೆ ಯಾಕೆ ಬರಲಿಲ್ಲ? ಡಾಕ್ಟರು ಏನಂದರು? ತಮಾಷೆ ಬೇಡ, ಕಡ್ಡಿ ಮುರಿದ ಹಾಗೆ ಹೇಳಿ.

ಈಗ ನನ್ನದು. ಇವರು ನನ್ನ ಬೆರಳು ಹಿಡಿಯಲಿಲ್ಲ. ನಾನೇ ಇವರ ಅಂಗೈಯಲ್ಲಿ ಬೆರಳಿಟ್ಟೆ, ಕೈ ತಾನಾಗಿ ಮುಚ್ಚಿಕೊಂಡಿತು. ಏನು ಇಟ್ಟರೂ ಮುಚ್ಚಿಕೊಳ್ಳುತ್ತೆ. ನರ್ಸಮ್ಮ ಪೆನ್ನು ಇಟ್ಟು ತೋರಿಸಿದರು. ಅದು ಗೊತ್ತಿದ್ದೂ ನಿಮಗೆ ಹಾಗೆ ಬರೆದೆ. ಕಣ್ಣು ಬಿಡ್ತಾರೆ, ಆದರೆ ನೋಡಲ್ಲ. ಎರಡು ಸಲ ಎದೆಗೆ ಕಫ ಇಳಿದು ಜ್ವರ ಬಂತು. ಎರಡು ಸಲವೂ ಆಸ್ಪತ್ರೆಯಲ್ಲಿ ಮಿಷನ್ ಹಾಕಿ ಉಳಿಸಿ ಕಳಿಸಿದರು. ಎರಡನೇ ಸಲ ವಾಪಸ್ ಬಂದಾಗ ಬೆನ್ನು ಹುಣ್ಣಾಗಿತ್ತು. ಮೊದಲೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತಿದ್ದ ಡಾಕ್ಟರು ಹೋದ ವಾರ ನನ್ನನ್ನ ಕೂರಿಸಿಕೊಂಡು ನೇರವಾಗಿ ಹೇಳಿದರು. ಮೆದುಳಿನಲ್ಲಿ ಏನೂ ಉಳಿದಿಲ್ಲ, ಏಳಲ್ಲ. ಇನ್ನೊಂದು ಸಲ ಜ್ವರ ಬಂದರೆ ಇಲ್ಲಿಗೆ ತರಬೇಡಿ, ಮನೆಯಲ್ಲೇ ಇರಲಿ, ನೋವಾಗದ ಹಾಗೆ ಔಷಧಿ ಕೊಡ್ತೀವಿ. ಯೋಚನೆ ಮಾಡಿ ಹೇಳಿ ಅಂದರು.

ನಾನು ಹೂಂ ಅನ್ನಲಿಲ್ಲ. ಊಹೂಂ ಅನ್ನೋಕೂ ಆಗಲಿಲ್ಲ. ನೀವು ಅಲ್ಲಿ ಇಡೀ ಇಳಿಜಾರಿಗೆ ಹೇಳಿಕೊಂಡು ಬಂದಿದ್ದೀರಿ, ಆ ಸುಳ್ಳು ನನ್ನದು. ಹೂಂ ಅಂದರೆ ನಿಮ್ಮ ಮಗನನ್ನ ನಾನು ಕೊಂದ ಹಾಗೆ. ಊಹೂಂ ಅಂದರೆ ಮತ್ತೆ ಆ ಮಿಷನ್ನು, ಮತ್ತೆ ಆ ಹುಣ್ಣು. ಹುಣ್ಣು ತೊಳೆಯುವಾಗ ಇವರ ಮುಖದಲ್ಲಿ ಏನೋ ಆಗುತ್ತೆ. ಏನೂ ಇಲ್ಲ ಅಂತಾರೆ ಡಾಕ್ಟರು, ಆದರೆ ನಾನು ನೋಡಿದೀನಿ. ನನ್ನ ಕೈಲಿ ಆಗ್ತಿಲ್ಲ ಅತ್ತೆ.

ಇನ್ನೊಂದಿದೆ. ಮೆತ್ತೆ. ನಿನ್ನೆ ಅದರ ಅಂಚಿನಲ್ಲಿ ಪಾಚಿ ಕಟ್ಟಿತ್ತು, ಕೆರೆಯೋಣ ಅಂತ ಮೇಣದ ಚಾಕು ತೂರಿಸಿದೆ. ಇಡೀ ಗಿಡ ಕೈಗೆ ಬಂತು. ಟೋಪಿ ತೆಗೆದ ಹಾಗೆ. ಅಡಿಯಲ್ಲಿ ಬೇರು ಅನ್ನೋದೇ ಇಲ್ಲ. ಕಂದು ಪುಡಿ, ಒಂದಿಷ್ಟು ನೀರು, ಅಷ್ಟೇ. ಯಾವತ್ತು ಕೊಳೀತೋ ಏನೋ. ಮೇಲೆ ಮಾತ್ರ ಹಸಿರು, ಒಂದು ಎಲೆಯೂ ಬಾಡಿಲ್ಲ.

ಅದನ್ನ ಏನು ಮಾಡಿದೆ ಗೊತ್ತಾ? ಯಾರಾದರೂ ನೋಡಿಯಾರು ಅನ್ನೋ ಹಾಗೆ ಸುತ್ತ ನೋಡಿ, ಅದೇ ಜಾಗದಲ್ಲಿ ವಾಪಸ್ ಇಟ್ಟೆ. ಸುತ್ತ ಜಲ್ಲಿ ಒತ್ತಿದೆ. ದೂರದಿಂದ ನೋಡಿದರೆ ಈಗಲೂ ಚೆನ್ನಾಗಿ ಕಾಣುತ್ತೆ.

ಇವರು ಮೊದಲು ನಿಮ್ಮವರು. ನೀವು ಹೇಳಿ. ಏನು ಹೇಳಿದರೂ ಮಾಡ್ತೀನಿ.

ನಿಮ್ಮ ಸೊಸೆ

*

ನವೆಂಬರ್ 15

ಮಗಳೇ,

ಟಪಾಲು ವ್ಯಾನಿನವನು ಹೊರಗೆ ಹಾರ್ನ್ ಹೊಡೀತಿದ್ದಾನೆ. ಈ ವರ್ಷಕ್ಕೆ ಇದೇ ಕೊನೆಯ ವ್ಯಾನು, ಸಂಜೆಯೊಳಗೆ ಕಣಿವೆ ದಾಟಬೇಕಂತೆ. ಪಕ್ಕದ ಮನೆಯವಳು ಅವನಿಗೆ ಟೀ ಕೊಟ್ಟು ಹಿಡಿದಿಟ್ಟಿದ್ದಾಳೆ. ಅವಸರದಲ್ಲಿ ಬರೀತಿದೀನಿ, ಅಕ್ಷರ ಸೊಟ್ಟಗಿದ್ದರೆ ಹೇಗಾದರೂ ಓದಿಕೋ.

ಹೌದು, ಹೊಟ್ಟೆಯಲ್ಲಿ ಗಡ್ಡೆ. ಮಾರ್ಚ್‌ನಲ್ಲೇ ಹೇಳಿದರು. ನಿಮಗೆ ಬರೆಯೋಣ ಅಂತ ಕೂತಿದ್ದೆ, ಅಷ್ಟರಲ್ಲಿ ಅವನು ಬಿದ್ದ ಸುದ್ದಿ ಬಂತು. ಆಮೇಲೆ ಯಾವ ಬಾಯಲ್ಲಿ ಹೇಳಲಿ? ನೀನು ಒಬ್ಬಳೇ ಎಷ್ಟು ಜನರನ್ನ ಹೊರಬೇಕು? ನಾನೇ ಮೊದಲು ಹೋಗ್ತೀನಿ, ಅವನು ಬಂದು ಮುಂದೆ ನಿಂತು ಕಳಿಸ್ತಾನೆ ಅಂತ ಲೆಕ್ಕ ಹಾಕಿದ್ದೆ. ಆ ಲೆಕ್ಕ ತಪ್ಪಿತು. ನಿನ್ನ ಅಳತೆ ಸರಿಯಾಗೇ ಇತ್ತು, ಹಲ್ಲಿಗೆ ಬೈದಿದ್ದಕ್ಕೆ ಮನಸ್ಸಿಗೆ ತಗೋಬೇಡ.

ಬೆರಳಿನ ಸುಳ್ಳಿಗೆ ಬೈಯಲ್ಲ. ಆ ಸುಳ್ಳು ಉಂಡು ನಾನು ಒಂದು ತಿಂಗಳು ಬದುಕಿದೆ. ಎದ್ದುಬಿಡ್ತಾನೆ, ಎದ್ದುಬಿಡ್ತಾನೆ ಅಂತ ನಿನ್ನ ಮೇಲೆ ಹೇರಿದೆನಲ್ಲ, ಅದು ನನ್ನ ಗೋಣಿ. ಇಲ್ಲಿಂದ ಎಸೆದೆ, ಅಲ್ಲಿ ನಿನ್ನ ಮೇಲೆ ಬಿತ್ತು.

ಈಗ ಕೇಳು. ಒಂದು ಸಲ ಎತ್ತಿ ನೋಡಿದ ಮೇಲೆ ವಾಪಸ್ ಇಡಬಾರದು. ಇಡಬೇಡ.

ಜ್ವರ ಬಂದರೆ ಅವನನ್ನ ಎಲ್ಲಿಗೂ ಒಯ್ಯಬೇಡ. ಮನೆಯಲ್ಲೇ ಇಟ್ಟುಕೋ. ನೋವಿಗೆ ಔಷಧಿ ಕೊಡಿಸು, ಪಕ್ಕದಲ್ಲಿ ಕೂತ್ಕೋ, ಬಲಗಡೆಯ ಕಿವಿಯ ಹಿಂದೆ ಸವರು, ಸಣ್ಣವನಿದ್ದಾಗ ಹಾಗೆ ಮಾಡಿದರೆ ಮಲಗ್ತಿದ್ದ. ಇದು ನಾನು ಹೇಳ್ತಿರೋದು, ಹೆತ್ತವಳು. ನೀನು ತೀರ್ಮಾನ ಮಾಡಿದೆ ಅಂತ ಯಾವತ್ತೂ ಅಂದುಕೋಬೇಡ. ಯಾರಾದರೂ ಒಂದು ಮಾತಾಡಿದರೆ ಈ ಕಾಗದ ಅವರ ಮುಖಕ್ಕೆ ಹಿಡಿ.

ಹೋದಾಗ ನನಗೆ ಬರಿ. ರಸ್ತೆ ತೆರೆದ ಮೇಲೆ ಓದ್ತೀನಿ. ಅಲ್ಲಿಯವರೆಗೆ ಅವನು ಇದ್ದಾನೆ ಅಂತಲೇ ಇರ್ತೀನಿ, ಅಷ್ಟು ಅನುಕೂಲ ನನಗಿದೆ. ನಿನಗೆ ಅದೂ ಇಲ್ಲ, ಪಾಪ.

ವ್ಯಾನು ಹೊರಡ್ತಿದೆ, ಬಂ

*

ಡಿಸೆಂಬರ್ 22

ಅತ್ತೆ,

ಇವರು ಹೋದರು.

ಜ್ವರ ಈ ತಿಂಗಳ ಮಧ್ಯದಲ್ಲಿ ಬಂತು. ಡಾಕ್ಟರಿಗೆ ಫೋನು ಮಾಡಿ, ಮನೆಯಲ್ಲೇ ಇಟ್ಟುಕೊಳ್ತೀವಿ ಅಂದೆ. ‘ಇಟ್ಟುಕೊಳ್ತೀನಿ’ ಅನ್ನೋಕೆ ಹೋಗಿ ‘ಇಟ್ಟುಕೊಳ್ತೀವಿ’ ಅಂತಲೇ ಬಾಯಿಗೆ ಬಂತು. ನರ್ಸಮ್ಮ ರಜೆ ಹಾಕಿ ಜೊತೆಗಿದ್ದರು. ಇವರ ಅಣ್ಣತಮ್ಮಂದಿರ ಹಾಗಿದ್ದ ಲಿಫ್ಟ್ ಮೆಕ್ಯಾನಿಕ್‌ಗಳು ಬಂದು ಬಾಗಿಲಲ್ಲೇ ನಿಂತು ಹೋದರು, ಒಳಗೆ ಬರೋ ಧೈರ್ಯ ಯಾರಿಗೂ ಆಗಲಿಲ್ಲ. ಕಿವಿಯ ಹಿಂದೆ ಸವರಿದೆ. ಬಲಗಡೆಯೇ. ಹೊರಗೆ ಅದೇ ಜಿಟಿಜಿಟಿ. ಮಧ್ಯಾಹ್ನದ ಹೊತ್ತಿಗೆ ಉಸಿರು ದೂರ ದೂರ ಆಯ್ತು, ಆಮೇಲೆ ಬರಲಿಲ್ಲ. ಕಷ್ಟಪಡಲಿಲ್ಲ ಅಂತ ನಿಮಗೆ ಬರೀಬೇಕು ಅಂತಿದ್ದೆ. ಸ್ವಲ್ಪ ಪಟ್ಟರು. ಇನ್ನು ನಿಮಗೆ ಸುಳ್ಳು ಬರೆಯಲ್ಲ.

ನೀವು ಹೇಳಿದಿರಿ, ನಾನು ಮಾಡಿದೆ. ಅಷ್ಟೇ ಅಂದುಕೊಳ್ಳೋಕೆ ನೋಡ್ತೀನಿ. ಬೆಳಿಗ್ಗೆ ಸ್ವಲ್ಪ ಹೊತ್ತು ಆಗುತ್ತೆ, ಸಂಜೆ ಆಗಲ್ಲ. ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ ಈಗಲೂ ಮೆಲ್ಲಗೆ ಬಿಚ್ತೀನಿ.

ಮಂಚ ವಾಪಸ್ ಕೊಟ್ಟ ಮೇಲೆ ಕೋಣೆಯ ಕಿಟಕಿಯಿಂದ ಗಾಜು ಬಿಚ್ಚಿಸಿ ಹಲಗೆ ಹೊಡೆಸಿದೆ. ಗಾಜನ್ನ ಹಿತ್ತಿಲಿಗೆ ಒಯ್ದೆ. ಅಂಚು ಕೊಯ್ಯಿಸಿದ್ದೆನಲ್ಲ, ನಾಲ್ಕು ಕಲ್ಲಿನ ಮೇಲೆ ಕೂರಲಿಲ್ಲ, ಒಂದು ಕಲ್ಲು ಒಳಗೆ ಸರಿಸಬೇಕಾಯ್ತು. ಮೆತ್ತೆಯನ್ನ ತೆಗೆದು ಎಸೆದೆ. ಅವತ್ತೂ ಹಸಿರಾಗೇ ಇತ್ತು. ನೀಲಿ ಗಂಟೆಯ ಕಪ್ಪಾದ ಎಲೆಗಳನ್ನ ಮೇಣದ ಚಾಕುವಿನಿಂದ ಒಂದೊಂದಾಗಿ ಬಿಡಿಸಿದೆ. ಅಡಿಯಲ್ಲಿ ಒಂದು ಮೊಗ್ಗಿನಂಥ ಕುಡಿ ಇದೆ, ಉಗುರಿನಷ್ಟು. ಮೆಲ್ಲಗೆ ಎಳೆದು ನೋಡಿದೆ. ಬರಲಿಲ್ಲ. ಬೇರು ಹಿಡಿದುಕೊಂಡಿದೆ.

ಯಾರಿಗಾಗಿ ಅಂತ ಗೊತ್ತಿಲ್ಲ.

*

ಫೆಬ್ರವರಿ 10

ಅತ್ತೆ,

ಈ ಪತ್ರವೂ ಹೋಗಲ್ಲ ಅಂತ ಗೊತ್ತು. ಟಪಾಲು ಕಚೇರಿಯ ಮೂಲೆಯ ಚೀಲದಲ್ಲಿ ಡಿಸೆಂಬರಿನ ಪತ್ರದ ಮೇಲೆ ಬೀಳುತ್ತೆ. ಆದರೂ ಬರೀತೀನಿ, ಬೇರೆ ಯಾರ ಹತ್ತಿರವೂ ಜಗಳ ಆಡೋಕೆ ಆಗಲ್ಲ.

ನಿಮಗೆ ಹೊಸ ಹಲ್ಲು ಕಟ್ಟಿದೀನಿ. ಹಳೇ ಅಚ್ಚಿನ ಮೇಲೆ ಮೇಣ ಕೆರೆದು ಕೆರೆದು, ಈಗ ನಿಮ್ಮ ವಸಡು ಎಷ್ಟಿರಬಹುದು ಅಂತ ಊಹೆ ಮಾಡಿ ಮಾಡಿದೆ. ಬಾಯಿ ನೋಡದೆ ಹಲ್ಲು ಕಟ್ಟೋದನ್ನ ಎಲ್ಲೂ ಕಂಡಿಲ್ಲ ಅಂತ ಯಜಮಾನರು ತಲೆ ಚಚ್ಚಿಕೊಂಡರು. ಆಮೇಲೆ ಅವರೇ ಕೂತು ಪಾಲಿಶ್ ಮಾಡಿಕೊಟ್ಟರು. ತುಂಬ ಸಣ್ಣದಾಗಿದೆ. ಕೈಯಲ್ಲಿ ಹಿಡಿದು ನೋಡಿದಾಗ, ಇಷ್ಟು ಸಣ್ಣ ಬಾಯಿ ಇರೋದು ಸಾಧ್ಯವಾ ಅನ್ನಿಸಿತು. ಬೇರೆ ದೊಡ್ಡದು ಮಾಡೋಣ ಅನ್ನಿಸಿತು. ಮಾಡಲಿಲ್ಲ.

ಕುಡಿ ಇದೆ. ಗಾಜಿನ ಮೇಲೆ ಮಳೆ ಬೀಳೋ ಸದ್ದು ಅಡುಗೆಮನೆಗೆ ಕೇಳಿಸುತ್ತೆ. ಅಡಿಯಲ್ಲಿ ಒಣಗಿದೆಯಾ ಅಂತ ಬೆರಳಿಟ್ಟು ನೋಡ್ತೀನಿ. ಒಣಗೇ ಇರುತ್ತೆ. ಟೈಲರಣ್ಣ ಗೋಡೆಯ ಮೇಲಿಂದ ಇಣುಕಿ, ‘ಏನಮ್ಮಾ, ಮಾರಾಯ ಹೋದರೂ ಗೋರಿ ಬಿಟ್ಟು ಹೋದನಲ್ಲ’ ಅಂದರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ನಕ್ಕೆ. ಡಿಸೆಂಬರ್ ಆದ ಮೇಲೆ ಅದೇ ಮೊದಲು ನಕ್ಕಿದ್ದು. ನಗು ನಿಲ್ಲಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

*

ಏಪ್ರಿಲ್ 18

ಅತ್ತೆ,

ರಸ್ತೆ ತೆರೀತು. ಮೊದಲ ವ್ಯಾನಿನವನು ಮೊನ್ನೆ ಇಳಿದು ಬಂದು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದ. ಟೋಪಿ ಕೈಯಲ್ಲಿತ್ತು. ಮುಖ ನೋಡಿದ ಕೂಡಲೇ ಗೊತ್ತಾಯ್ತು.

ಬಟ್ಟೆಯಲ್ಲಿ ಸುತ್ತಿದ ನಿಮ್ಮ ಹಳೇ ಹಲ್ಲು ಕೊಟ್ಟ. ನಿಮ್ಮ ಪಕ್ಕದ ಮನೆಯವರು ಕಳಿಸಿದ್ದಂತೆ. ನೀವು ಡಿಸೆಂಬರಿನ ಮೊದಲ ವಾರದಲ್ಲೇ ಹೋದಿರಂತೆ. ಕೊನೆಯ ದಿನವೂ ಅವರ ಜೊತೆ ಜಗಳ ಆಡಿದಿರಂತೆ, ನಿಮ್ಮ ಮಾತೇ ಗೆದ್ದಿತಂತೆ.

ಅಂದರೆ ನೀವೇ ಮೊದಲು ಹೋದಿರಿ. ಆಗ ಇವರಿದ್ದರು. ನಿಮ್ಮ ಲೆಕ್ಕ ತಪ್ಪಲಿಲ್ಲ ಅತ್ತೆ. ಇವರು ಹೋದ ಪತ್ರ ನೀವು ಓದಲೇ ಇಲ್ಲ. ಅದನ್ನ ನೆನೆದು ಒಂದು ದಿನ ಸಮಾಧಾನ ಆಯ್ತು. ಮಾರನೇ ದಿನ ಹೊಳೀತು, ಅವತ್ತು ಡಾಕ್ಟರಿಗೆ ‘ಇಟ್ಟುಕೊಳ್ತೀವಿ’ ಅಂದಾಗ ನೀವು ಆಗಲೇ ಇರಲಿಲ್ಲ. ಆ ಮಾತು ನಾನು ಒಬ್ಬಳೇ ಅಂದಿದ್ದು.

ಹೊಸ ಹಲ್ಲನ್ನ ಹಳೇದರ ಪಕ್ಕದಲ್ಲಿಟ್ಟಿದ್ದೀನಿ. ನನ್ನ ಊಹೆ ಸರಿಯಿತ್ತಾ ಅಂತ ಇನ್ನು ಯಾವತ್ತೂ ಗೊತ್ತಾಗಲ್ಲ.

ನೀಲಿ ಗಂಟೆಯ ಕುಡಿ ದಪ್ಪ ಆಗಿದೆ. ನಡುವೆ ಏನೋ ಕಪ್ಪು ನೀಲಿ ಚೂಪಾಗಿ ನಿಂತಿದೆ. ಮೊಗ್ಗಿರಬೇಕು. ಇಲ್ಲಿ ಬಿಸಿಲು ಬಂದಿದೆ, ಗಾಜಿನಡಿ ಬೆಚ್ಚಗಾಗುತ್ತೆ, ಗಾಜಿನ ಒಳಮೈಗೆ ಬೆವರು ಕೂರುತ್ತೆ. ಇನ್ನೂ ಮುಚ್ಚಿಟ್ಟರೆ ಬೆಂದು ಹೋಗುತ್ತೇನೋ. ತೆಗೆದರೆ, ಸಂಜೆಗೆ ಮಳೆ ಬಂದರೆ ಕೊಳೆತು ಹೋಗುತ್ತೇನೋ. ಇವರು ಪ್ರತಿ ವರ್ಷ ಯಾವತ್ತೋ ಒಂದು ದಿನ ಗಾಜು ತೆಗೆದು ಗೋಡೆಗೆ ಒರಗಿಸ್ತಿದ್ದರು. ಯಾವತ್ತು ಅಂತ ನಾನು ಕೇಳಿರಲಿಲ್ಲ. ಏನು ನೋಡಿ ತೆಗೀತಿದ್ದರು, ಅದೂ ಗೊತ್ತಿಲ್ಲ.

ಬೆಳಿಗ್ಗೆಯಿಂದ ಗಾಜಿನ ಎರಡು ಅಂಚು ಹಿಡಿದು ಕೂತಿದ್ದೆ. ಎತ್ತಲಿಲ್ಲ. ಒಳಗೆ ಬಂದು ನಿಮಗೆ ಬರೀತಿದ್ದೀನಿ. ಬರೆದು ಲಕೋಟೆಯ ಮೇಲೆ ಯಾರ ಹೆಸರು ಹಾಕಲಿ ಅಂತ ಯೋಚನೆ ಮಾಡ್ತಿದ್ದೀನಿ. ಹೊರಗೆ ಮೋಡ ಕಟ್ತಿದೆ.

ಹೇಳಿ ಅತ್ತೆ. ಗಾಜು ಯಾವಾಗ ತೆಗೀಲಿ?